ಶುಕ್ರವಾರ ಹೊರಟ ಪೊರಕೆಗಳು

ನಮ್ಮಣ್ಣ ರಂಗನಾಥ ಊಟಕ್ಕೆ ಕೂತನೆಂದರೆ ಅವನದು ಒಂದೇ ರಾಗ. ಬಸ್ಸು ಬಿಟ್ಟಿ, ಅಕ್ಕಿ ಬಿಟ್ಟಿ, ಕರೆಂಟು ಬಿಟ್ಟಿ, ಇನ್ನು ಈ ಜನ ಮೈ ಬಗ್ಗಿಸಿ ದುಡಿದ ಹಾಗೇ ಸರಿ ಎನ್ನುತ್ತಾನೆ. ಹಾಗೆನ್ನುವಾಗ ಅವನ ತಟ್ಟೆಗೆ ಮುದ್ದೆ ಹಾಕುತ್ತಿರುವವಳು ನಾನು, ಅವನ ತಂಗಿ ಶ್ಯಾಮಲಾ. ಕೈಯಲ್ಲಿ ಸೌಟಿದೆ ಅಂತ ಬಾಯಿ ಮುಚ್ಚಿಕೊಂಡಿರುವ ಪೈಕಿ ನಾನಲ್ಲ. ನಾನು ಕಣಕಟ್ಟೆಯಿಂದ ದಿನಾ ಅರಸೀಕೆರೆಗೆ ಹೋಗಿ ಮಕ್ಕಳಿಗೆ ಪಾಠ ಮಾಡಿ ಬರುವವಳು, ಗಂಟಲು ಗಟ್ಟಿಯಿದೆ. ಸಂಬಳದವಳಾದ ನಿನಗೂ ಬಸ್ಸು ಬಿಟ್ಟಿಯೇ ತಾನೆ ಎಂದು ಅವನು ಚುಚ್ಚುತ್ತಾನೆ. ಹೌದು, ಒಪ್ಪಿದೆ. ಆದರೆ ಕೆಂಪಕ್ಕನ ವಿಷಯ ಏನಪ್ಪಾ ಎಂದು ಕೇಳಿದರೆ ಮಜ್ಜಿಗೆ ಕೊಡು ಎನ್ನುತ್ತಾನೆ.

ಅವನಿಗೆ ಹೇಳಿ ಹೇಳಿ ಸಾಕಾಗಿದೆ. ನಿಮಗೆ ಹೇಳುತ್ತೇನೆ, ಕೇಳಿ.

ಕೆಂಪಲಕ್ಷ್ಮಮ್ಮನಿಗೆ ಐವತ್ತರ ಆಚೀಚೆ. ನನಗೆ ಅವಳು ಕೆಂಪಕ್ಕ, ಅವಳಿಗೆ ನಾನು ಶ್ಯಾಮಲವ್ವ. ಕಣಕಟ್ಟೆಯ ಕೊನೆಯ ಬೀದಿಯಲ್ಲಿ ಸರ್ಕಾರ ಕೊಟ್ಟ ಮನೆಯೊಂದು ಅವಳ ಹೆಸರಿಗಿದೆ. ಮನೆಯೇನೋ ಇತ್ತು, ಅದಕ್ಕೆ ವರ್ಷಗಟ್ಟಲೆ ಬೀಗವೂ ಇತ್ತು. ಗಂಡ ಜವರಣ್ಣ ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊರುತ್ತಿದ್ದ. ಇವಳು ಅಲ್ಲೇ ಒಂದು ಗೋಡೌನಿನಲ್ಲಿ ಕರಟ ಒಡೆದು ಕೊಬ್ಬರಿ ಬಿಡಿಸುತ್ತಿದ್ದಳು. ಇಬ್ಬರೂ ದಿನಾ ಊರಿಂದ ಓಡಾಡಿದರೆ ಬೀಳುವ ಬಸ್ ಚಾರ್ಜಿಗಿಂತ ರೈಲ್ವೆ ಹಳಿಯ ಹಿಂದಿನ ತಗಡಿನ ರೂಮಿನ ಬಾಡಿಗೆಯೇ ಕಡಿಮೆ ಬೀಳುತ್ತಿತ್ತು. ಹಾಗಾಗಿ ಸ್ವಂತ ಮನೆಯನ್ನು ಇಲಿ ಹೆಗ್ಗಣಗಳಿಗೆ ಬಿಟ್ಟು, ಬಾಡಿಗೆ ತಗಡಿನ ಕೆಳಗೆ ಬೇಯುತ್ತಿದ್ದರು.

ಹಳ್ಳಿಯ ಬಡತನಕ್ಕೂ ಪೇಟೆಯ ಬಡತನಕ್ಕೂ ಏನು ವ್ಯತ್ಯಾಸ ಎಂದು ನಾನು ಒಮ್ಮೆ ಅವಳನ್ನೇ ಕೇಳಿದ್ದೆ. ಅವಳು ಯೋಚನೆಯನ್ನೂ ಮಾಡಲಿಲ್ಲ.

"ಊರಲ್ಲಿ ಏನಿಲ್ದಿದ್ರೂ ಬೇಲಿ ಸೊಪ್ಪು ಕಿತ್ಕೊಂಡ್ ಬಂದು ಬೇಯಿಸ್ಕೋಬೋದು ಕಣವ್ವ. ಪೇಟೇಲಿ ಕರಿಬೇವಿಗೂ ಕಾಸು, ಕುಡಿಯೋ ನೀರಿಗೂ ಕಾಸು. ದುಡ್ದಿದ್ದು ಅಲ್ಲೇ ಕೊಟ್ಬುಟ್ಟು ಬರಿಗೈಲಿ ಮನಿಕೊಳ್ಳೋದು."

ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಎಂದಾಯಿತಲ್ಲ, ಆ ವಾರವೇ ಕೆಂಪಕ್ಕ ಊರಿಗೆ ಬಂದು ಬೀಗ ತೆಗೆದಳು. ಮಾರನೇ ದಿನ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತಿದ್ದಳು. ಕಂಡಕ್ಟರ್ ಶಿವಪ್ರಕಾಶ್ ಆಧಾರ್ ಕಾರ್ಡ್ ನೋಡಿ ಸೊನ್ನೆ ಟಿಕೆಟ್ ಹರಿದು ಕೊಟ್ಟ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸಂಜೆ ವಾಪಸ್ ಬರೋಕೂ ಹಿಂಗೇನಾ ಎಂದು ಕೇಳಿದಳು. ಹೌದು ಎಂದ. ನಾಳೆಗೂ? ಹೌದು. ನಾಡಿದ್ದಿಗೂ? ಅವನು ಸಿಡುಕಿ ಮುಂದಿನ ಸೀಟಿಗೆ ಹೋದ. ಕೆಂಪಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಗಲು ಶುರು ಮಾಡಿದವಳು ಅರಸೀಕೆರೆಯವರೆಗೂ ನಿಲ್ಲಿಸಲಿಲ್ಲ. ಅವಳನ್ನು ನೋಡಿ ನನಗೂ ನಗು ತಡೆಯಲಾಗಲಿಲ್ಲ, ಸ್ಕೂಲಿಗೆ ಹೋದ ಮೇಲೂ ಬೋರ್ಡಿನ ಕಡೆ ತಿರುಗಿ ನಗುತ್ತಿದ್ದೆ.

ಆಮೇಲೆ ಗೃಹಲಕ್ಷ್ಮಿ ದುಡ್ಡು ಬಂತು, ಸೋರುವ ಹಂಚು ಬದಲಾಯಿಸಿದಳು. ರೇಷನ್ ಅಕ್ಕಿ ಬಂತು, ಕುಯ್ಲಿನ ಕೂಲಿಗೆ ಸಿಕ್ಕ ರಾಗಿಯೂ ಸೇರಿ ಹೊಟ್ಟೆಯ ಚಿಂತೆ ಇಳಿಯಿತು. ಮನೆ ಮನೆಯಾಯಿತು.

ಆದರೆ ಜವರಣ್ಣ ಬರಲಿಲ್ಲ. ಗಂಡಸರಿಗೆ ಟಿಕೆಟ್ ಇದೆಯಲ್ಲ! ಮೂಟೆ ಹೊತ್ತು ಹೊತ್ತು ಅವನ ಸೊಂಟ ಬಿದ್ದುಹೋಗಿತ್ತು. ಮಂಡಿಯವರು ಕರುಣೆಯಿಂದ ಗೋಡೌನ್ ಕಾಯುವ ಕೆಲಸ ಕೊಟ್ಟಿದ್ದರು. ಆ ಸಂಬಳದಲ್ಲಿ ದಿನಾ ಓಡಾಡುವುದು ಎಲ್ಲಿಂದ ಬಂತು? ತಗಡಿನ ರೂಮಿನಲ್ಲೇ ಒಬ್ಬನೇ ಉಳಿದ. ಭಾನುವಾರ ಬರುತ್ತಿದ್ದ, ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದ. ಕೆಲಸ ಬಿಟ್ಟು ಬಂದುಬಿಡಿ ಎಂದರೆ, ಅಕ್ಕಿ ನಿನ್ನದು, ದುಡ್ಡು ನಿನ್ನದು, ಬಸ್ಸು ನಿನ್ನದು, ನಾನು ಬಂದು ಜಗಲಿ ಮೇಲೆ ಕೂತು ತಿನ್ನಲಾ ಎಂದು ಮುಖ ತಿರುಗಿಸುತ್ತಿದ್ದ. ಊರಲ್ಲೇ ಅವನ ಕೈಗೊಂದು ಕೆಲಸ ಸಿಕ್ಕದ ಹೊರತು ಅವನು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಯೋಜನೆ ಬಂದು ಅರ್ಧ ಸಂಸಾರವನ್ನು ಊರಿಗೆ ತಂದಿತ್ತು, ಇನ್ನರ್ಧ ಹಳಿಯ ಹಿಂದೆಯೇ ಇತ್ತು. ಕೆಂಪಕ್ಕನಿಗೆ ಬೇಕಾಗಿದ್ದದ್ದು ಆ ಇನ್ನರ್ಧ.

ಆ ಕೆಲಸ ಸಿಕ್ಕ ಬಗೆ ಕೇಳಿ. ಮಳೆಗಾಲ ಕಳೆದ ಒಂದು ಭಾನುವಾರ ನಮ್ಮೂರ ಸ್ತ್ರೀಶಕ್ತಿ ಸಂಘದ ಹೆಂಗಸರೆಲ್ಲ ಹಳೇಬೀಡು, ಬೇಲೂರು ನೋಡಿಕೊಂಡು ಬರೋಣ ಎಂದು ಹೊರಟರು. ನಾನೂ ಹೋದೆ. ಹುಟ್ಟಿದ ಜಿಲ್ಲೆಯಲ್ಲೇ ಇರುವ ದೇವಸ್ಥಾನಗಳನ್ನು ಅವರಲ್ಲಿ ಬಹಳ ಜನ ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದರು. ಬೇಲೂರಿನಲ್ಲಿ ಪೂಜೆ ಮುಗಿಸಿ ಅರಿಶಿನ ಕುಂಕುಮ ಕೊಳ್ಳಲು ಚನ್ನಪ್ಪನವರ ಅಂಗಡಿಗೆ ನುಗ್ಗಿದೆವು. ಅವರು ದಿನಸಿಯ ಜೊತೆ ಮಂಕರಿ, ಹಗ್ಗ, ಪೊರಕೆ ಎಲ್ಲ ಮಾರುವವರು. ಫೋನಿನಲ್ಲಿ ಯಾರನ್ನೋ ದಬಾಯಿಸುತ್ತಿದ್ದರು. ಇನ್ನೇನು ಕಾಫಿ ಕುಯ್ಲು ಶುರುವಾಗುತ್ತದೆ, ತೋಟದ ಕಣ ಗುಡಿಸಲು ಎಲ್ಲರೂ ತೆಂಗಿನ ಕಡ್ಡಿ ಪೊರಕೆ ಕೇಳುತ್ತಾರೆ, ನೀವು ನೋಡಿದರೆ ಎರಡು ಸಲ ಗುಡಿಸಿದರೆ ಉದುರಿಹೋಗುವ ಮಾಲು ಕಳಿಸುತ್ತೀರಿ ಎಂದು ಬೈದು ಫೋನಿಟ್ಟರು.

ಕೆಂಪಕ್ಕನ ಕಿವಿ ನೆಟ್ಟಗಾಯಿತು. ನಮ್ಮ ಕಡೆ ತೆಂಗಿನ ಗರಿಯನ್ನು ಸ್ನಾನದ ಒಲೆಗೆ ತುರುಕುತ್ತೇವೆ, ಪೊರಕೆಯನ್ನು ಯಾರೂ ದುಡ್ಡು ಕೊಟ್ಟು ತರುವುದಿಲ್ಲ. ಇಲ್ಲಿ ಅದಕ್ಕೆ ಜಗಳ! ಎಷ್ಟು ಬೇಕು ಸ್ವಾಮಿ ಎಂದು ಕೇಳಿದಳು. ತಂದಷ್ಟೂ ಬೇಕು ಎಂದರು ಚನ್ನಪ್ಪ. ದಿನವನ್ನೂ ಹೇಳಿದರು. ಆ ದಿನ ಬಂದು, ಮಾಲು ಚೆನ್ನಾಗಿದ್ದರೆ ಇನ್ನು ಮುಂದೆ ವಾರ ವಾರವೂ ನಿಮ್ಮದೇ. ಹೋಂಸ್ಟೇಗಳಿಗೂ ನಾನೇ ಕೊಡುತ್ತೇನೆ. ಆ ದಿನ ಬರಲಿಲ್ಲವೋ, ಮಾರನೇ ದಿನ ಹೊರಗಿನ ಲಾರಿ ಬರುತ್ತದೆ, ಅವರ ಹತ್ತಿರವೇ ಇಳಿಸಿಕೊಳ್ಳುತ್ತೇನೆ ಎಂದರು. ಆಗ್ಲಿ ಸ್ವಾಮಿ, ಆಗ್ಲಿ ಸ್ವಾಮಿ ಎಂದಳು ಇವಳು. ಅವಳ ಕಣ್ಣು ನೋಡಬೇಕಿತ್ತು ನೀವು. ವಾರ ವಾರ ಎಂದರೆ ಊರಲ್ಲೇ ಕೆಲಸ, ಕೆಲಸ ಎಂದರೆ ಜವರಣ್ಣ ಮನೆಗೆ. ಅವಳ ತಲೆಯಲ್ಲಿ ಅಷ್ಟು ಹೊತ್ತಿಗೆ ಅವನು ಜಗಲಿ ಮೇಲೆ ಕೂತಾಗಿತ್ತು.

ವಾಪಸ್ ಬರುವಾಗ ಜಾವಗಲ್ ದಾಟಿದ ಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿದವಳು ಹಣೆ ಹಣೆ ಚಚ್ಚಿಕೊಂಡಳು. ಖುಷಿಯಲ್ಲಿ ವಾರ ಯಾವುದೆಂದು ಕಿವಿಗೇ ಹಾಕಿಕೊಂಡಿರಲಿಲ್ಲ. ಚನ್ನಪ್ಪ ಹೇಳಿದ್ದು ದೀಪಾವಳಿ ಕಳೆದ ಮೇಲಿನ ಶುಕ್ರವಾರ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೊರಕೆ ಎಂದರೆ ಲಕ್ಷ್ಮಿ. ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಶುಕ್ರವಾರ ಮನೆಯಿಂದ ಪೊರಕೆ ಆಚೆ ಹೋಗಬಾರದು. ಪಕ್ಕದ ಮನೆಯವರು ಕೇಳಿದರೂ ಕೊಡುವುದಿಲ್ಲ, ಲಕ್ಷ್ಮಿ ಅದರ ಜೊತೆಗೇ ಹೊರಟುಹೋಗುತ್ತಾಳೆ. ಬೇರೆಯವರಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕಣಕಟ್ಟೆಯ ಹೆಂಗಸರು ಶುಕ್ರವಾರಕ್ಕೆ ಪೊರಕೆ ಒಪ್ಪಿಕೊಂಡು ಬರುವುದೆಂದರೆ, ಗೌರಿ ಹಬ್ಬದ ದಿನ ಮಗಳನ್ನು ತವರಿಂದ ಅಟ್ಟಿದ ಹಾಗೆ.

ಗುರುವಾರಕ್ಕೆ ಬದಲಾಯಿಸಿ ಎಂದು ನನ್ನ ಕೈಲೇ ಚನ್ನಪ್ಪನವರಿಗೆ ಫೋನ್ ಮಾಡಿಸಿದಳು. ಅವರು ಬಿಲ್‌ಕುಲ್ ಒಪ್ಪಲಿಲ್ಲ. ಸೀಸನ್ನಿನ ಮೊದಲ ಪೊರಕೆ ಶುಕ್ರವಾರವೇ ಅಂಗಡಿಯ ಹೊಸ್ತಿಲು ದಾಟಬೇಕು, ಲಕ್ಷ್ಮಿ ಒಳಗೆ ಬರುತ್ತಾಳೆ, ನಮ್ಮಪ್ಪನ ಕಾಲದಿಂದ ನಡೆದುಕೊಂಡು ಬಂದಿದ್ದು ಮೇಡಂ, ಅದೊಂದು ಮಾತ್ರ ಕೇಳಬೇಡಿ ಎಂದರು. ನಾನು ಫೋನಿಟ್ಟು ಬಿದ್ದು ಬಿದ್ದು ನಕ್ಕೆ. ಲಕ್ಷ್ಮಿ ಒಬ್ಬಳೇ, ಶುಕ್ರವಾರವೂ ಒಂದೇ. ಅವರಿಗೆ ಅವತ್ತೇ ಬರಬೇಕು, ನಮ್ಮವರಿಗೆ ಅವತ್ತು ಹೋಗಲೇಬಾರದು. ಕೆಂಪಕ್ಕ ನಗಲಿಲ್ಲ, ಮೊದಲು ಪೊರಕೆ ಆಗ್ಲಿ, ವಾರ ಆಮೇಲೆ ನೋಡಾನ ಎಂದಳು.

ಎಂಥಾ ದಿನಗಳು ಅವು! ನಮ್ಮ ತೋಟದಲ್ಲಿ ಬಿದ್ದ ಗರಿಯನ್ನು ಕೊಡು ಎಂದು ನಾನು ಅಣ್ಣನಿಗೆ ಗಂಟು ಬಿದ್ದೆ. ಹಂಡೆ ಒಲೆಗೆ ಏನು ಹಾಕೋದು ಎಂದು ಅವನು ಕೂಗಾಡಿದ. ನಿನ್ನ ಒಲೆಗೆ ಗರಿ ಬಿಟ್ಟಿ ಬರುತ್ತಲ್ಲ, ಅದು ಸೋಮಾರಿತನ ಅಲ್ವಾ ಎಂದೆ. ಅವನು ಬಾಯಲ್ಲಿದ್ದ ಮುದ್ದೆ ನುಂಗಿ, ತಗೊಂಡ್ ಹೋಗಲಿ ಮಾರಾಯ್ತಿ ಎಂದ. ಆಮೇಲೆ ನೋಡಿ, ಕೊನೆಯ ಬೀದಿಯ ಒಂದೊಂದು ಜಗಲಿಯ ಮೇಲೂ ಗರಿಯ ರಾಶಿ, ಕಡ್ಡಿ ಹೆರೆಯುವ ಸದ್ದು. ಕೆಂಪಕ್ಕ ಗೋಡೌನಿನಿಂದ ಸಂಜೆ ಬಸ್ಸಿಗೆ ಬಂದು ಕೈ ಕಾಲು ತೊಳೆದವಳೇ ಕತ್ತಿ ಹಿಡಿದು ಕೂರುತ್ತಿದ್ದಳು. ಭಾನುವಾರ ಜವರಣ್ಣ ಬಂದಾಗ ಅವನ ಮುಂದೆ ತೆಂಗಿನ ನಾರು ಸುರಿಯುತ್ತಿದ್ದಳು. ಅವನು ತೊಡೆಯ ಮೇಲೆ ನಾರು ಹೊಸೆದು ಹಗ್ಗ ಎಳೆದರೆ ಪೊರಕೆಯ ಕಟ್ಟು ಎರಡು ಕೈಯಲ್ಲಿ ಜಗ್ಗಿದರೂ ಸಡಿಲವಾಗುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಅವನು ಬಸ್ಸಿಗೆ ಹೊರಟಾಗ ಅವಳು ಬಾಗಿಲಿಗೂ ಬರುತ್ತಿರಲಿಲ್ಲ. ಬಂದರೆ ಅಳು ಬರುತ್ತದೆ ಎಂದು ಒಂದು ಸಲ ನನ್ನ ಹತ್ತಿರ ಅಂದಿದ್ದಳು.

ಹೊರಡುವ ಹಿಂದಿನ ದಿನ, ಗುರುವಾರ ಸಾಯಂಕಾಲ ಕೆಂಪಕ್ಕನ ಮನೆಯಲ್ಲಿ ಸಂಘ ಸೇರಿತು. ಕಟ್ಟು ಕಟ್ಟು ಪೊರಕೆ ಗೋಡೆಯುದ್ದಕ್ಕೂ ಒರಗಿದ್ದವು. ಸಂಘದ ಅಧ್ಯಕ್ಷೆ ಅನುಸೂಯಮ್ಮ ಕೆಂಪಕ್ಕನ ಪಕ್ಕದ ಮನೆಯವರು, ಕೈ ಮುಗಿದುಕೊಂಡೇ ಬೈಯುವ ಹೆಂಗಸು. ಅವತ್ತೂ ಕೈ ಮುಗಿದರು. ಪೊರಕೆ ಮಾಡಿದ್ದು ಸರಿ, ಮಾರುವುದೂ ಸರಿ, ಶುಕ್ರವಾರ ಮಾತ್ರ ಒಂದು ಕಡ್ಡಿಯೂ ಊರು ದಾಟಲು ಬಿಡುವುದಿಲ್ಲ ಎಂದರು. ಮೊದಲೇ ಗೃಹಲಕ್ಷ್ಮಿ ದುಡ್ಡು ತಿಂಗಳು ತಪ್ಪಿ ಬರುತ್ತಿದೆ, ಈಗ ನಾವೇ ಕೈಯಾರೆ ಲಕ್ಷ್ಮಿಯನ್ನು ಬಸ್ಸು ಹತ್ತಿಸಿ ಕಳಿಸಿದರೆ ಆಮೇಲೆ ಯಾರನ್ನು ಕೇಳುವುದು ಎಂದರು. ಆ ದುಡ್ಡಿಗೂ ಈ ಪೊರಕೆಗೂ ಏನು ಸಂಬಂಧ ಎಂದು ನಾನು ರೇಗಿದೆ. ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಇವತ್ತೇ ಪೊರಕೆಗಳನ್ನು ತಂದು ಬಸ್ ಸ್ಟಾಪಿನಲ್ಲಿಟ್ಟರೆ ಮನೆಯಿಂದ ಗುರುವಾರವೇ ಹೋದ ಹಾಗಾಯಿತಲ್ಲ ಎಂದು ಒಬ್ಬಳು ಉಪಾಯ ಹೇಳಿದಳು. ನಾಲ್ಕು ಜನ ತಲೆಯಾಡಿಸಿದರು. ಅನುಸೂಯಮ್ಮನಿಗೆ ಎಲ್ಲಿತ್ತೋ ಸಿಟ್ಟು, ಯಾರಿಗೆ ಮೋಸ ಮಾಡೋಕೆ ಹೊರಟಿದೀರಾ, ಆ ತಾಯಿಗಾ ಎಂದು ಎದ್ದು ನಿಂತರು. ಉಪಾಯ ಹೇಳಿದವಳು ಗಲ್ಲ ಗಲ್ಲ ಬಡಿದುಕೊಂಡಳು. ನಾನು ಕೆಂಪಕ್ಕನ ಮುಖ ನೋಡಿದೆ. ಅವಳ ಗಂಡನ ಬದುಕು ಆ ಗೋಡೆಗೆ ಒರಗಿ ನಿಂತಿತ್ತು, ಬೆಳಗಾದರೆ ಅದು ಒಲೆಗೆ ಹೋಗುವುದರಲ್ಲಿತ್ತು.

ಕೆಂಪಕ್ಕ ನಿಧಾನವಾಗಿ ಎದ್ದಳು.

"ಅನುಸೂಯಮ್ಮಾರೇ, ಲಕ್ಷ್ಮೀನೂ ಹೆಂಗ್ಸೇ ತಾನೇ? ನಾವು ದಿನಾ ಬೆಳಿಗ್ಗೆ ಪೇಟೆಗೆ ಹೋಯ್ತೀವಿ, ಹೊತ್ತು ಮುಳುಗೋಕ್ ಮುಂಚೆ ಮನೆ ಸೇರ್ತೀವಿ. ಮನೆ ಬುಟ್ಟು ಹೋದ್ವಾ? ಕಾಸಿರ್ಲಿಲ್ಲ ಅಂತ ಆವಾಗ ಹೋದೋರು ಅಲ್ಲೇ ಉಳೀಬೇಕಾಗಿತ್ತು. ಈಗ ಅವ್ಳಿಗೂ ಟಿಕೆಟ್ ಇಲ್ಲ. ಬೆಳಿಗ್ಗೆ ಬೇಲೂರಿಗೆ ಹೋಗ್ಲಿ, ಚನ್ನಪ್ಪನೋರ ಅಂಗ್ಡಿ ನೋಡ್ಕೊಂಡು ನಮ್ ಜೊತೇಲೇ ಸಂಜೆ ಬಸ್ಸಿಗೆ ಬತ್ತಾಳೆ."

ಹಿಂದುಗಡೆ ಯಾರೋ ಕಿಸಕ್ಕೆಂದರು. ಅದು ಹಬ್ಬಿತು. ಅನುಸೂಯಮ್ಮ ತುಟಿ ಬಿಗಿ ಹಿಡಿದು ನೋಡಿದರು, ಆಗಲಿಲ್ಲ, ಮುಗಿದ ಕೈಯನ್ನೇ ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕುಬಿಟ್ಟರು. ನಕ್ಕ ಮೇಲೆ ಅಧ್ಯಕ್ಷೆಯ ಗತ್ತಿಗೆ ಒಂದು ಷರತ್ತು ಹಾಕಿದರು. ಅವಳು ಬರುತ್ತಾಳೆ ಅಂದ ಮೇಲೆ ಕರೆದುಕೊಂಡೇ ಬರಬೇಕು. ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಅವರವರ ಮನೆಯಲ್ಲಿರಬೇಕು, ಬರಿಗೈಯಲ್ಲಿ ಯಾರೂ ಹೊಸ್ತಿಲು ದಾಟಬಾರದು, ಒಂದೊಂದು ಹಿಡಿ ಉಪ್ಪಾದರೂ ತರಬೇಕು. ದೀಪದ ಹೊತ್ತು ತಪ್ಪಿದರೆ ಇನ್ನೊಂದು ಸಲ ಪೊರಕೆಯ ಮಾತೇ ಎತ್ತಬಾರದು. ಕೆಂಪಕ್ಕ ಒಪ್ಪಿಕೊಂಡಳು. ನಾನು ಮನೆಗೆ ಹೋದವಳೇ ಸಿ.ಎಲ್. ಬರೆದಿಟ್ಟೆ. ಇಂಥ ಶುಕ್ರವಾರವನ್ನು ತಪ್ಪಿಸಿಕೊಂಡು ಪಾಠ ಮಾಡಲು ನನಗೇನು ಹುಚ್ಚೇ?

ಬೆಳಗಿನ ಬಸ್ಸು ಬಂದಾಗ ಸ್ಟಾಪಿನಲ್ಲಿ ಕೊನೆಯ ಬೀದಿಗೆ ಬೀದಿಯೇ ನಿಂತಿತ್ತು. ಪ್ರತಿ ಕಟ್ಟಿಗೂ ಅರಿಶಿನ ಕುಂಕುಮ ಇಟ್ಟಿದ್ದರು. ಶಿವಪ್ರಕಾಶ್ ಇಳಿದು ಬಂದು ನೋಡಿ, ಇಷ್ಟಕ್ಕೂ ಲಗೇಜ್ ಹಾಕಬೇಕಾಗುತ್ತದೆ ಎಂದ. ಲಗೇಜು ಯಾರದು, ಒಬ್ಬೊಬ್ಬರ ಕೈಯಲ್ಲೂ ಅವರವರ ಒಂದೊಂದು ಕಟ್ಟು ಇದೆಯಪ್ಪ ಎಂದರು ಅನುಸೂಯಮ್ಮ, ಕೈ ಮುಗಿದುಕೊಂಡು. ಅವನು ಒಂದು ಕಡೆಯಿಂದ ಎಲ್ಲರ ಕೈ ನೋಡಿದ, ತಲೆ ಕೆರೆದುಕೊಂಡ, ಸೊನ್ನೆ ಟಿಕೆಟ್ ಹರಿಯಲು ಶುರು ಮಾಡಿದ. ಅದಕ್ಕೇ ಕೆಂಪಕ್ಕ ಎಲ್ಲರನ್ನೂ ಹೊರಡಿಸಿದ್ದಳು, ಒಬ್ಬಳೇ ಹೊತ್ತಿದ್ದರೆ ಲಾಭವೆಲ್ಲ ಲಗೇಜಿಗೇ ಹೋಗುತ್ತಿತ್ತು.

ಅರಸೀಕೆರೆಯಲ್ಲಿ ಬಸ್ಸು ಬದಲಾಯಿಸಬೇಕು. ಜವರಣ್ಣ ಸ್ಟ್ಯಾಂಡಿಗೆ ಬಂದು ಕಾಯುತ್ತಿದ್ದ. ನೋಯುವ ಸೊಂಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಕಟ್ಟುಗಳನ್ನು ಬೇಲೂರು ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಇಟ್ಟ.

ಆ ಬಸ್ಸಿನಲ್ಲಿ ನಿಂತಿದ್ದ ಇಸ್ತ್ರಿ ಷರಟಿನ ಒಬ್ಬಾತ, ಬಿಟ್ಟಿ ಅಂತ ಪೊರಕೆ ಸಂತೆಯನ್ನೂ ಬಸ್ಸಿಗೇ ತಂದ್ರು ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ನನಗೆ 'ನಮ್ಮಣ್ಣ ಇಲ್ಲೂ ಬಂದನೇ' ಅನ್ನಿಸಿ ರಕ್ತ ಕುದಿಯಿತು. ಎದ್ದು ಜಾಡಿಸುವಷ್ಟರಲ್ಲಿ ಜಾವಗಲ್ ಹತ್ತಿರ ಡ್ರೈವರ್ ಬ್ರೇಕ್ ಹಾಕಿದ. ಆತನ ಬೂಟು ಒಂದು ಕಟ್ಟಿನ ಮೇಲೆ ಬಿತ್ತು. ಪುಣ್ಯಾತ್ಮ ಥಟ್ಟನೆ ಬಗ್ಗಿದ, ಪೊರಕೆ ಮುಟ್ಟಿದ, ಕಣ್ಣಿಗೊತ್ತಿಕೊಂಡ. ಕೆಂಪಕ್ಕ ಕೊಂಚ ಒತ್ತಿ ಕೂತು ಅವನಿಗೂ ಜಾಗ ಕೊಟ್ಟಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಬೇಲೂರಿನಲ್ಲಿ ಚನ್ನಪ್ಪನವರು ಹೊಸ್ತಿಲಿಗೆ ಹೂವಿಟ್ಟು, ಬಿಳಿ ಪಂಚೆಯುಟ್ಟು ಕಾಯುತ್ತಿದ್ದರು. ಮೊದಲ ಕಟ್ಟನ್ನು ಕೆಂಪಕ್ಕ ಹೊಸ್ತಿಲ ಒಳಗೆ ನೆಲದ ಮೇಲಿಟ್ಟಳು, ಅವರು ಎತ್ತಿಕೊಂಡರು. ಪೊರಕೆಯನ್ನು ಕೈಯಿಂದ ಕೈಗೆ ಕೊಡುವ ಹಾಗಿಲ್ಲ, ಅದರಲ್ಲಿ ಎರಡೂ ಊರಿಗೂ ಭೇದವಿಲ್ಲ. ಪೂಜೆ ಮುಗಿದ ಮೇಲೆ ವ್ಯಾಪಾರಿಯ ಬುದ್ಧಿ ಶುರುವಾಯಿತು ನೋಡಿ. ಒಂದೊಂದು ಕಟ್ಟನ್ನೂ ಬಿಚ್ಚಿ, ಪೊರಕೆಗಳನ್ನು ಕಲ್ಲಿಗೆ ಬಡಿದು, ಕಡ್ಡಿ ಜಗ್ಗಿ ನೋಡತೊಡಗಿದರು. ಒಂದು ಕಡ್ಡಿ ಕಳಚಲಿಲ್ಲ. ಆದರೂ ಬಿಡರು. ಸೂರ್ಯ ನೆತ್ತಿ ದಾಟಿದ. ಅನುಸೂಯಮ್ಮ ಕೆಂಪಕ್ಕನ ಸೆರಗು ಜಗ್ಗುತ್ತಿದ್ದರು, ಬಸ್ಸು, ಬಸ್ಸು ಎನ್ನುತ್ತಿದ್ದರು. ನನಗಂತೂ ಆ ಮನುಷ್ಯನ ಕೈಯಿಂದ ಪೊರಕೆ ಕಿತ್ತು ಅದರಲ್ಲೇ ಎರಡು ಬಿಡೋಣ ಅನ್ನಿಸುತ್ತಿತ್ತು.

ಕೊನೆಗೂ ಚನ್ನಪ್ಪ ಪಂಚೆ ಕೊಡವಿಕೊಂಡು ಎದ್ದರು.

"ಹಗ್ಗ ಯಾರಮ್ಮ ಕಟ್ಟಿದ್ದು? ಇದೇ ಕಟ್ಟಲ್ಲಿ ವಾರ ವಾರ ಕಳಿಸ್ತೀರಾ? ನಾಳೆ ಲಾರಿಯವರಿಗೆ ಬರಬೇಡಿ ಅಂತ ಹೇಳ್ಬಿಡ್ತೀನಿ."

ಕೆಂಪಕ್ಕ ಹೂಂ ಎಂದದ್ದು ನಮಗೆ ಕೇಳಲೇ ಇಲ್ಲ, ತಲೆ ಅಲ್ಲಾಡಿದ್ದು ಮಾತ್ರ ಕಂಡಿತು. ಉಳಿದವರು ಎಬ್ಬಿಸಿದ ಗಲಾಟೆಗೆ ಬೀದಿಯ ಟೂರಿಸ್ಟ್‌ಗಳೆಲ್ಲ ತಿರುಗಿ ನೋಡಿದರು. ನಾನು ಮೇಡಂ ಎನ್ನುವುದನ್ನು ಮರೆತು ಕುಣಿದೆ. ಉಪ್ಪು ಉಪ್ಪು ಎಂದು ಅನುಸೂಯಮ್ಮ ಕಿರುಚಿದರು. ದೀಪದ ಹೊತ್ತಾಗಿದ್ದರೆ ಉಪ್ಪು ಮಾರುತ್ತಿರಲಿಲ್ಲ, ಇನ್ನೂ ಬಿಸಿಲಿದೆ, ತಗೊಳ್ಳಿ ಎಂದು ಚನ್ನಪ್ಪ ಪೊರಕೆಯ ದುಡ್ಡು ಎಣಿಸಿ ಕೊಟ್ಟು ಪ್ಯಾಕೆಟ್ಟುಗಳನ್ನು ಎಸೆದರು. ಉಪ್ಪು ಮಡಿಲಿಗೆ ತುರುಕಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಮೊಮ್ಮಕ್ಕಳಿರುವ ಹೆಂಗಸರೆಲ್ಲ ಬೇಲೂರಿನ ಬೀದಿಯಲ್ಲಿ ಓಡಿದರು.

ಅರಸೀಕೆರೆ ಮುಟ್ಟಿದಾಗ ಬಿಸಿಲು ಕೆಂಪಾಗಿತ್ತು. ಕಣಕಟ್ಟೆ ಬಸ್ಸು ಸ್ಟಾರ್ಟ್ ಆಗಿ ನಿಂತಿತ್ತು. ಎಲ್ಲರೂ ನುಗ್ಗಿ ಹತ್ತಿದರು. ಕೆಂಪಕ್ಕ ಹತ್ತಲಿಲ್ಲ. ಜವರಣ್ಣ ಬೆಳಿಗ್ಗೆ ನಿಂತಿದ್ದ ಕಂಬದ ಹತ್ತಿರವೇ ನಿಂತಿದ್ದ, ಏನಾಯ್ತೆ ಎಂದು ಕೇಳಿದ. ಎಲ್ಲಾ ತಗಂಡ್ರು, ವಾರ ವಾರ ತನ್ನಿ ಅಂದವ್ರೆ ಎಂದಳು. ಅವನ ಮುಖ ಅರಳಿತು. ಆಮೇಲೆ ಸರಿ ಹೋಗು, ಬಸ್ಸು ಹೊಂಟೈತೆ ಎಂದು ರೂಮಿನ ಕಡೆ ತಿರುಗಿದ.

"ನಿಂತ್ಕಳಿ," ಎಂದಳು ಕೆಂಪಕ್ಕ. "ಸಂಘಕ್ಕೆ ಹಗ್ಗ ಹೊಸೆಯೋಕೆ ಒಬ್ರು ಬೇಕು. ನಿಮ್ ಹಗ್ಗ ನೋಡೇ ಅವ್ರು ಒಪ್ಪಿದ್ದು. ಕೂಲಿ ಎಲ್ರಿಗೂ ಒಂದೇ. ಗಂಡಸ್ರಾದ್ರೂ ಅಡ್ಡಿ ಇಲ್ಲ ಅಂತ ಅನುಸೂಯಮ್ಮಾರು ಹೇಳವ್ರೆ."

ಅನುಸೂಯಮ್ಮ ಅಂಥದ್ದೇನೂ ಹೇಳಿರಲಿಲ್ಲ. ಕಿಟಕಿಯಿಂದ ಇದನ್ನು ಕೇಳಿ ಬಾಯಿ ತೆರೆದರು, ನನ್ನ ಮುಖ ನೋಡಿದರು, ನಾನು ಕಣ್ಣು ಬಿಟ್ಟೆ. ಹೂಂ ಕಣಪ್ಪ ಜವರಣ್ಣ, ಹೇಳಿವ್ನಿ, ಬೇಗ ಹತ್ತು, ದೀಪದ ಹೊತ್ತಾಯ್ತು ಎಂದರು. ಜವರಣ್ಣ ರೂಮಿನಲ್ಲಿ ಬಟ್ಟೆ ಇದೆ, ಪಾತ್ರೆ ಇದೆ ಎಂದು ತಡವರಿಸಿದ. ನಾಳೆ ನಾನು ಬಂದು ತತ್ತೀನಿ, ನಂಗೇನು ಟಿಕೆಟ್ಟಾ ಎಂದಳು. ಸಾಹುಕಾರರಿಗೆ ಹೇಳಬೇಕು ಎಂದ. ಫೋನಲ್ಲಿ ಹೇಳಿ ಎಂದು ಅವನ ರಟ್ಟೆ ಹಿಡಿದಳು. ಡ್ರೈವರ್ ಹಾರನ್ ಹೊಡೆದ. ಉಟ್ಟ ಬಟ್ಟೆಯಲ್ಲಿ ಜವರಣ್ಣ ಬಸ್ಸು ಹತ್ತಿದ, ಹೆಂಗಸರೆಲ್ಲ ಅವನಿಗೆ ದಾರಿ ಬಿಟ್ಟರು.

ಶಿವಪ್ರಕಾಶ್ ಸೊನ್ನೆ ಟಿಕೆಟ್ ಹರಿಯುತ್ತ ಹರಿಯುತ್ತ ಬಂದ. ಜವರಣ್ಣನ ಕೈ ಜೇಬಿಗೆ ಹೋಯಿತು. ಕೆಂಪಕ್ಕ ಅದನ್ನು ತಡೆದು, ತನ್ನ ಸೊಂಟದ ಚೀಲದಿಂದ ನೋಟು ತೆಗೆದು ಮುಂದಕ್ಕೆ ಚಾಚಿದಳು. ಕಣಕಟ್ಟೆಗೆ ಒಂದು ಗಂಡಸ್ರ ಟಿಕೆಟ್ ಕೊಡಪ್ಪ ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳು. ಫ್ರೀ ಬಸ್ಸು ಬಂದ ಮೇಲೆ ಅವಳು ದುಡ್ಡು ಕೊಟ್ಟು ತೆಗೆದ ಮೊದಲ ಟಿಕೆಟ್ ಅದು. ಅಷ್ಟು ಹೆಮ್ಮೆಯಿಂದ ಟಿಕೆಟ್ ಕೊಂಡವರನ್ನು ನಾನು ಜನ್ಮದಲ್ಲಿ ನೋಡಿಲ್ಲ. ನನಗೆ ಎದೆ ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಜವರಣ್ಣ ಕಿಟಕಿಯಾಚೆ ನೋಡುತ್ತ ಕೂತ. ಪೇಟೆ ದಾಟಿ ತೋಟಗಳು ಶುರುವಾದವು. ಆಗ ಅವಳ ಕಡೆ ತಿರುಗಿ ಮೆಲ್ಲಗೆ ಕೇಳಿದ.

"ಮನೇಲಿ ಸಾರೇನೆ?"

ಊರಿಗೆಲ್ಲ ಉತ್ತರ ಕೊಟ್ಟವಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮುಂದಿನ ಸೀಟಿನಿಂದ ಅನುಸೂಯಮ್ಮ ತಿರುಗಿದರು.

"ಹುರುಳಿಕಾಳು ಕಣಪ್ಪ. ಬೆಳಿಗ್ಗೆ ನಾನ್ ಕರೆಯೋಕ್ ಹೋದಾಗ ನೆನೆ ಹಾಕ್ತಿದ್ಲು. ಒಬ್ಳಿಗೆ ಇಷ್ಟ್ಯಾಕೆ ಅಂದೆ. ಇಬ್ರಿಗೆ ಅಂದ್ಲು."